ಅಪ್‌ಡೇಟ್ ಆದ ಮರುದಿನ: ಕೆಟ್ಟು ನಿಂತ ತಂತ್ರಾಂಶಕ್ಕೆ ಮದ್ದು ಹುಡುಕುವ ಕ್ರಮ

2024ರ ಜುಲೈ 19, ಶುಕ್ರವಾರ. ಮುಂಬಯಿ, ದೆಹಲಿ, ಬೆಂಗಳೂರು, ಹೈದರಾಬಾದ್, ಚೆನ್ನೈ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು ಪ್ರಯಾಣಿಕರ ಸಾಲು ಬಾಗಿಲಿನವರೆಗೂ ಬೆಳೆದಿತ್ತು. ವಿಮಾನ ಸಂಸ್ಥೆಗಳ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದು ಕೊಟ್ಟರು. ಇಂಡಿಗೊ ಸಂಸ್ಥೆಯೊಂದೇ ಸುಮಾರು 200 ವಿಮಾನಗಳನ್ನು ರದ್ದು ಮಾಡಬೇಕಾಯಿತು. ಇದು ಯುದ್ಧವೂ ಅಲ್ಲ, ಕಳ್ಳರ ದಾಳಿಯೂ ಅಲ್ಲ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪೆನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಳುಹಿಸಿದ ಒಂದು ಚಿಕ್ಕ ಅಪ್‌ಡೇಟ್ ಅಂದಿನ ಮುಖ್ಯ ಕಾರಣವಾಗಿತ್ತು. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಹೊರಟ ಆ ಫೈಲನ್ನು 10.57ಕ್ಕೆ ಹಿಂದಕ್ಕೆ ಪಡೆಯಲಾಯಿತು. ಕೇವಲ 78 ನಿಮಿಷ. ಅಷ್ಟರೊಳಗೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಒಂದು ಕಾಲದಲ್ಲಿ ಮುಂಬಯಿಗೆ ಬಂದ ಕನ್ನಡಿಗ ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ. ಆತನ ಮಕ್ಕಳು, ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಐರೋಲಿ, ಹಿಂಜೆವಾಡಿ, ಹೈಟೆಕ್ ಸಿಟಿ, ಗುರುಗ್ರಾಮಗಳ ತಂತ್ರಾಂಶ ಕಂಪೆನಿಗಳಲ್ಲಿ ಇಂತಹ ಅಪ್‌ಡೇಟುಗಳನ್ನು ಬರೆಯುವವರು, ಕಳುಹಿಸುವವರು ಮತ್ತು ಅದು ಕೆಟ್ಟಾಗ ನಡುರಾತ್ರಿ ಎದ್ದು ಸರಿಪಡಿಸುವವರು. ಇತ್ತ ಸಂಘ-ಸಂಸ್ಥೆಗಳ ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಕಾರ್ಯಕ್ರಮಗಳ ಆಮಂತ್ರಣ, ವಿದ್ಯಾರ್ಥಿವೇತನದ ಅರ್ಜಿಗಳೂ ಕ್ರಮೇಣ ಕಪಾಟಿನಿಂದ ಹೊರಬಂದು ಕ್ಲೌಡ್ ಎಂಬ ಎಲ್ಲೋ ದೂರದ ಕಂಪ್ಯೂಟರಿಗೆ ಸೇರಿವೆ. ನಿನ್ನೆ ತೆರೆದುಕೊಂಡ ಪಟ್ಟಿ ಇಂದು ತೆರೆದುಕೊಳ್ಳದಿದ್ದರೆ ಏನು ಮಾಡಬೇಕು ಎಂಬುದು ಕಾರ್ಯದರ್ಶಿಗೂ, ಕೋಶಾಧಿಕಾರಿಗೂ ಬರುವ ಪ್ರಶ್ನೆ. ಮನೆಯ ಮಗನೋ ಮಗಳೋ ರಾತ್ರಿ ಎರಡು ಗಂಟೆಯವರೆಗೆ ಪರದೆಯ ಮುಂದೆ ಕುಳಿತು ಏನು ಹುಡುಕುತ್ತಾರೆ ಎಂಬುದೂ ಹೆತ್ತವರಿಗೆ ತಿಳಿದಿರಬೇಕಾದ ವಿಷಯವೇ.

ಲೆಕ್ಕ ತಾಳೆಯಾಗದ ದಿನ

ಕೋರ್ ಬ್ಯಾಂಕಿಂಗ್ ಬರುವ ಮೊದಲು ಬ್ಯಾಂಕಿನ ಶಾಖೆಗಳಲ್ಲಿ ದಿನದ ಕೊನೆಗೆ ಪುಸ್ತಕ ತಾಳೆ ನೋಡುವ ಪದ್ಧತಿಯಿತ್ತು. ಜಮೆ ಮತ್ತು ಖರ್ಚು ಸರಿಹೋಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅನುಭವಿ ಗುಮಾಸ್ತ ಆಗ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಕೊನೆಯ ಬಾರಿ ಲೆಕ್ಕ ಸರಿಯಿದ್ದದ್ದು ಯಾವಾಗ ಎಂದು ಕೇಳುವುದು. ನಿನ್ನೆ ಸರಿಯಿತ್ತು ಎಂದಾದರೆ ತಪ್ಪು ಇಂದಿನ ನಮೂದುಗಳಲ್ಲೇ ಇದೆ. ಹತ್ತು ವರ್ಷದ ಹಳೆಯ ಲೆಡ್ಜರು ತಿರುವಿ ಹಾಕುವ ಅಗತ್ಯವಿಲ್ಲ. ಎರಡನೆಯದಾಗಿ ವ್ಯತ್ಯಾಸದ ಮೊತ್ತವನ್ನು ನೋಡುವುದು. ಅದು 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲು ಬದಲಾಗಿರಬಹುದು. 54 ಎಂದು ಬರೆಯುವಲ್ಲಿ 45 ಎಂದು ಬರೆದಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಕಂಡರೆ ಅದು ಜಮೆಯ ಬದಿಯಲ್ಲಿರಬೇಕಾದದ್ದು ಖರ್ಚಿನ ಬದಿಗೆ ಬಿದ್ದಿರಬಹುದು. ಅಂದರೆ ತಪ್ಪು ತಾನೇ ತನ್ನ ಗುರುತನ್ನು ಬಿಟ್ಟುಕೊಟ್ಟಿರುತ್ತದೆ. ನೋಡುವ ಕಣ್ಣು ಬೇಕು, ಅಷ್ಟೆ.

ಅಪ್‌ಡೇಟಿನ ನಂತರ ಕೆಟ್ಟ ತಂತ್ರಾಂಶವನ್ನು ಸರಿಪಡಿಸುವ ವಿದ್ಯೆಯೂ ಇದರಿಂದ ಬಹಳ ಭಿನ್ನವೇನಲ್ಲ. ಕೊನೆಯ ಬಾರಿ ಕೆಲಸ ಮಾಡಿದ್ದು ಯಾವಾಗ? ಅದರ ನಂತರ ಬದಲಾದದ್ದು ಏನು? ಪರದೆಯ ಮೇಲಿನ ದೋಷ ಸಂದೇಶ ಏನು ಹೇಳುತ್ತಿದೆ? ಮೊದಲಿನ ಸ್ಥಿತಿಗೆ ಹಿಂದಿರುಗುವ ದಾರಿ ಇದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದವನು ಅರ್ಧ ದಾರಿ ಸಾಗಿದಂತೆ. ಕ್ರಮ ತಪ್ಪಿ ಕೈಗೆ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದವನು ಒಂದು ದೋಷವನ್ನು ನಾಲ್ಕು ಮಾಡಿಕೊಳ್ಳುತ್ತಾನೆ.

ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ನಂತರ ಬೆಳಕಿಗೆ ಬಂದ ಕಾರಣವೂ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಅರ್ಥವಾಗುವಂಥದ್ದು. ಕಂಪ್ಯೂಟರಿನಲ್ಲಿದ್ದ ತಂತ್ರಾಂಶ 20 ಮಾಹಿತಿಗಳನ್ನು ಪಡೆಯಲು ಸಿದ್ಧವಾಗಿತ್ತು. ಹೊಸ ಫೈಲು 21ನೆಯದನ್ನೂ ಓದಲು ಹೇಳಿತು. 20 ಕಾಲಮ್ಮುಗಳ ಪುಸ್ತಕದಲ್ಲಿ 21ನೇ ಕಾಲಮ್ಮು ಹುಡುಕಲು ಹೋದ ತಂತ್ರಾಂಶ ಪುಟದಾಚೆ ಕಾಲಿಟ್ಟು ಬಿತ್ತು. ಅದು ವಿಂಡೋಸಿನ ಒಳಮನೆಯಲ್ಲಿ ಕುಳಿತು ಕೆಲಸ ಮಾಡುವ ತಂತ್ರಾಂಶವಾದ್ದರಿಂದ ಬೀಳುವಾಗ ಇಡೀ ಮನೆಯನ್ನೇ ಕೆಡವಿತು.

ಪರಿಹಾರ ಕಷ್ಟದ್ದಲ್ಲ. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು 291 ಎಂಬ ಸಂಖ್ಯೆಯುಳ್ಳ ಆ ಒಂದು ಫೈಲನ್ನು ಅಳಿಸಿ ಮತ್ತೆ ಆರಂಭಿಸಿದರಾಯಿತು. ಆದರೆ ಬಿದ್ದ ಯಂತ್ರ ಅಂತರ್ಜಾಲದ ಮೂಲಕ ಬರುವ ಮಾತನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಬಹಳಷ್ಟು ಕಡೆ ಸಿಬ್ಬಂದಿ ಒಂದೊಂದೇ ಕಂಪ್ಯೂಟರಿನ ಬಳಿ ಹೋಗಿ ಕೈಯಾರೆ ಈ ಕೆಲಸ ಮಾಡಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಯಂತ್ರಗಳಿಗೆ 48 ಅಂಕಿಗಳ ಕೀಲಿಸಂಖ್ಯೆಯನ್ನೂ ಒತ್ತಬೇಕಿತ್ತು. ಆ ಕೀಲಿಗಳನ್ನು ಮಲಗಿದ ಸರ್ವರಿನಲ್ಲೇ ಇಟ್ಟವರ ಪಾಡು, ಗೋದ್ರೇಜಿನ ಬೀಗದ ಕೈಯನ್ನು ಗೋದ್ರೇಜಿನ ಒಳಗೇ ಇಟ್ಟು ಬಾಗಿಲು ಹಾಕಿದವರ ಪಾಡಾಯಿತು.

ಭಾರತದ ಬ್ಯಾಂಕುಗಳಿಗೆ ಅಂದು ಹೆಚ್ಚಿನ ಪೆಟ್ಟು ಬೀಳಲಿಲ್ಲ. ಹತ್ತು ಬ್ಯಾಂಕು ಹಾಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಹೆಚ್ಚಿನ ಬ್ಯಾಂಕುಗಳ ಮುಖ್ಯ ವ್ಯವಸ್ಥೆಗಳು ಕ್ಲೌಡ್‌ನಲ್ಲಿಲ್ಲದಿರುವುದು ಮತ್ತು ಕೆಲವೇ ಬ್ಯಾಂಕುಗಳು ಆ ತಂತ್ರಾಂಶವನ್ನು ಬಳಸುತ್ತಿದ್ದುದು ಇದಕ್ಕೆ ಕಾರಣವೆಂದೂ ಅದು ಹೇಳಿತು.

ಹನ್ನೊಂದು ಸಾಲಿನ ಕತೆ

ತಂತ್ರಾಂಶ ಬರೆಯುವವರ ಮೇಜಿನ ಮೇಲೂ ಇದೇ ಗೋಳು ನಿತ್ಯ ನಡೆಯುತ್ತದೆ. ಇಂದಿನ ತಂತ್ರಾಂಶವನ್ನು ಯಾರೂ ಮೊದಲ ಅಕ್ಷರದಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದು ಹಂಚಿದ ನೂರಾರು ತುಣುಕುಗಳನ್ನು ತಂದು ಜೋಡಿಸುತ್ತಾರೆ. ಹೊಟೇಲಿನವರು ಮಸಾಲೆ ಪುಡಿಯನ್ನು ಅಂಗಡಿಯಿಂದ ತರಿಸಿಕೊಂಡಂತೆ. ಪುಡಿ ಮಾಡುವವನು ಹೇಳದೆ ಕೇಳದೆ ಪಾಕ ಬದಲಿಸಿದರೆ, ಅಥವಾ ಅಂಗಡಿಯನ್ನೇ ಮುಚ್ಚಿದರೆ, ಸಾಂಬಾರಿನ ರುಚಿ ಕೆಡುತ್ತದೆ. ಬೈಗುಳ ಮಾತ್ರ ಹೊಟೇಲಿನವನಿಗೆ.

2016ರ ಮಾರ್ಚ್ 22ರಂದು ಹೀಗೇ ಆಯಿತು. ಜಾವಾಸ್ಕ್ರಿಪ್ಟ್ ಭಾಷೆಯ ತುಣುಕುಗಳ ಉಗ್ರಾಣವಾದ ಎನ್‌ಪಿಎಂನಲ್ಲಿ ಅಝರ್ ಕೊಚುಲು ಎಂಬ ತಂತ್ರಾಂಶ ಲೇಖಕ ಒಂದು ಹೆಸರಿನ ವಿವಾದದಿಂದ ಬೇಸತ್ತು, ತಾನು ಬರೆದ ಇನ್ನೂರೈವತ್ತಕ್ಕೂ ಹೆಚ್ಚು ತುಣುಕುಗಳನ್ನು ಒಮ್ಮೆಲೇ ತೆಗೆದುಹಾಕಿದ. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದೂ ಒಂದು. ಒಂದು ಪದದ ಎಡಕ್ಕೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ಸೇರಿಸುವುದಷ್ಟೇ ಅದರ ಕೆಲಸ. ಒಟ್ಟು 11 ಸಾಲು. ಆದರೆ ಅದನ್ನು ನಂಬಿದ ತುಣುಕನ್ನು ಇನ್ನೊಂದು ನಂಬಿತ್ತು, ಅದನ್ನು ಮತ್ತೊಂದು. ಹೀಗೆ ಜಗತ್ತಿನಾದ್ಯಂತ ದೊಡ್ಡ ಕಂಪೆನಿಗಳ ತಂತ್ರಾಂಶ ಕಟ್ಟುವ ಕೆಲಸವೇ ನಿಂತಿತು. ತಮ್ಮ ಕಡೆಯಿಂದ ಒಂದಕ್ಷರವನ್ನೂ ಬದಲಿಸದವರ ಪರದೆಯಲ್ಲೂ ದೋಷ ಸಂದೇಶ ಕಾಣಿಸಿಕೊಂಡಿತು. ಕೆಲವೇ ಗಂಟೆಗಳಲ್ಲಿ ಉಗ್ರಾಣದವರು ಆ ತುಣುಕನ್ನು ಮರಳಿ ಇಟ್ಟರು. ಮುಂದೆ ಯಾರೂ ಹೀಗೆ ಮನಬಂದಂತೆ ಹಿಂತೆಗೆಯದಂತೆ ನಿಯಮವನ್ನೂ ಬಿಗಿ ಮಾಡಿದರು.

ಅಂದಿನ ಪಾಠ ಒಂದೇ: "ನಾವೇನೂ ಬದಲಿಸಿಲ್ಲ" ಎಂಬ ಮಾತನ್ನು ಪೂರ್ತಿ ನಂಬಬಾರದು. ನಾವು ಬದಲಿಸದಿದ್ದರೂ ನಮ್ಮ ಕೆಳಗಿನ ನೆಲ ಬದಲಾಗಿರಬಹುದು. ಅದಕ್ಕಾಗಿಯೇ ಎಚ್ಚರದ ತಂತ್ರಜ್ಞರು ತಾವು ಬಳಸುವ ಪ್ರತಿಯೊಂದು ತುಣುಕಿನ ಆವೃತ್ತಿ ಸಂಖ್ಯೆಯನ್ನು ಲಾಕ್ ಫೈಲ್ ಎಂಬ ಪಟ್ಟಿಯಲ್ಲಿ ಬರೆದಿಡುತ್ತಾರೆ. ಸಾಮಾನ್ಯವಾಗಿ ಆವೃತ್ತಿ ಸಂಖ್ಯೆಯಲ್ಲಿ ಚುಕ್ಕಿ ಹಾಕಿ ಬೇರ್ಪಡಿಸಿದ ಮೂರು ಅಂಕಿಗಳಿರುತ್ತವೆ. ಕೊನೆಯ ಅಂಕಿ ಬದಲಾದರೆ ಸಣ್ಣ ರಿಪೇರಿ, ನಡುವಿನದು ಬದಲಾದರೆ ಹೊಸ ಸೌಲಭ್ಯ, ಮೊದಲನೆಯದು ಬದಲಾದರೆ ಹಳೆಯ ಬಳಕೆ ಮುರಿಯಬಹುದು ಎಂಬ ಸೂಚನೆ. ಇದು ಸಂಪ್ರದಾಯವೇ ಹೊರತು ಶಾಸನವಲ್ಲ. ಕೊನೆಯ ಅಂಕಿಯ ಬದಲಾವಣೆಯಿಂದ ಕೆಟ್ಟ ತಂತ್ರಾಂಶಗಳೂ ಉಂಟು. ಒಬ್ಬನ ಕಂಪ್ಯೂಟರಿನಲ್ಲಿ ಓಡುವುದು ಕ್ಲೌಡ್‌ನಲ್ಲಿ ಓಡದಿದ್ದರೆ, ಎರಡೂ ಕಡೆಯ ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಮೊದಲ ಪರೀಕ್ಷೆ.

ಬದಲಾವಣೆಗಳು ಸಾವಿರ ಇದ್ದರೆ? ಅದಕ್ಕೂ ಉಪಾಯವಿದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ಸಾಧನ ತಂತ್ರಾಂಶದ ಪ್ರತಿ ಬದಲಾವಣೆಯನ್ನು ದಿನಚರಿಯಂತೆ ದಾಖಲಿಸುತ್ತದೆ. ಅದರಲ್ಲಿ ಬೈಸೆಕ್ಟ್ ಎಂಬ ಒಂದು ಆಜ್ಞೆಯಿದೆ. ಸರಿಯಿದ್ದ ದಿನ ಮತ್ತು ಕೆಟ್ಟ ದಿನದ ನಡುವಿನ ಬದಲಾವಣೆಗಳನ್ನು ಅದು ಎರಡು ಭಾಗ ಮಾಡಿ ನಡುವಿನದನ್ನು ಪರೀಕ್ಷೆಗೆ ಕೊಡುತ್ತದೆ. ಅಲ್ಲಿ ಸರಿಯಿದ್ದರೆ ತಪ್ಪು ನಂತರದ ಅರ್ಧದಲ್ಲಿ, ಕೆಟ್ಟಿದ್ದರೆ ಮೊದಲಿನ ಅರ್ಧದಲ್ಲಿ. ಮತ್ತೆ ಅದನ್ನು ಅರ್ಧ ಮಾಡುವುದು. ಹೀಗೆ ಸಾವಿರ ಬದಲಾವಣೆಗಳಲ್ಲಿ ಕೆಟ್ಟ ಒಂದನ್ನು ಹಿಡಿಯಲು ಹತ್ತು ಪರೀಕ್ಷೆ ಸಾಕು.

ಹಿಂದೆ ಬರುವುದೂ ಒಂದು ಬದಲಾವಣೆ

ಹೊಸದು ಕೆಟ್ಟರೆ ಹಳೆಯದನ್ನು ತಂದಿಡು ಎಂಬುದು ಸರಳ ಸೂತ್ರ. ತಂತ್ರಜ್ಞರು ಇದನ್ನು ರೋಲ್‌ಬ್ಯಾಕ್ ಎನ್ನುತ್ತಾರೆ. ಹೆಚ್ಚಿನ ಸಲ ಇದೇ ಕ್ಷೇಮದ ದಾರಿ. ಆದರೆ ಹಿಂದಿರುಗುವ ದಾರಿಯನ್ನೂ ಮೊದಲೇ ನಡೆದು ನೋಡಿರಬೇಕು.

ಇದಕ್ಕೆ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದ ಪ್ರಕರಣ ಸಾಕ್ಷಿ. ಬ್ಯಾಂಕಿನಲ್ಲಿ ದಿನದ ವಹಿವಾಟು ಮುಗಿದ ಮೇಲೆ ರಾತ್ರಿ ಬಡ್ಡಿ ಲೆಕ್ಕ, ಸಂಬಳ ಜಮೆ, ಕಂತುಗಳ ಕಡಿತ ಮುಂತಾದ ಸಾವಿರಾರು ಕೆಲಸಗಳು ಒಂದರ ನಂತರ ಒಂದರಂತೆ ಸಾಗುತ್ತವೆ. ಯಾವುದರ ನಂತರ ಯಾವುದು ಎಂದು ಹೇಳುವ ಒಂದು ತಂತ್ರಾಂಶ ಮೇಸ್ತ್ರಿಯಂತೆ ನಿಂತಿರುತ್ತದೆ. 2012ರ ಜೂನ್ 17ರಂದು ಆ ಬ್ಯಾಂಕು ಈ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿತು. ಏನೋ ಸರಿಯಿಲ್ಲವೆಂದು ಕಂಡಾಗ ಹೊಸದನ್ನು ತೆಗೆದು ಹಳೆಯದಕ್ಕೆ ಮರಳಲು ನಿರ್ಧರಿಸಿತು. ಹಾಗೆ ಮರಳಿದರೆ ಏನಾಗುತ್ತದೆ ಎಂದು ಪರೀಕ್ಷಿಸಿರಲಿಲ್ಲ. ಹೊಸದಕ್ಕೂ ಹಳೆಯದಕ್ಕೂ ಹೊಂದಾಣಿಕೆಯಿಲ್ಲವೆಂಬುದು ಗೊತ್ತಾಗುವಾಗ ತಡವಾಗಿತ್ತು. ರಾತ್ರಿಯ ಕೆಲಸಗಳ ಸರಪಳಿ ತುಂಡಾಗಿ, ಒಂದು ದಿನದ ಬಾಕಿ ಮರುದಿನದ ಮೇಲೆ ಬಿದ್ದು ಬೆಳೆಯಿತು.

ಆ ದೇಶದ ಸುಮಾರು 65 ಲಕ್ಷ ಗ್ರಾಹಕರು ತೊಂದರೆಗೊಳಗಾದರು. ಸಂಬಳ ಜಮೆಯಾಗಲಿಲ್ಲ, ಮನೆ ಸಾಲದ ಕಂತು ಹೋಗಲಿಲ್ಲ, ಪರದೇಶಕ್ಕೆ ಹೋದವರ ಕೈಯಲ್ಲಿ ಕಾಸಿಲ್ಲದಾಯಿತು. ಅದೇ ಸಮೂಹದ ಅಲ್‌ಸ್ಟರ್ ಬ್ಯಾಂಕಿನ ಗ್ರಾಹಕರ ಗೋಳು ಜುಲೈ ತಿಂಗಳವರೆಗೂ ಮುಂದುವರಿಯಿತು. 2014ರ ನವೆಂಬರಿನಲ್ಲಿ ಅಲ್ಲಿನ ನಿಯಂತ್ರಕರು ಒಟ್ಟು 5 ಕೋಟಿ 60 ಲಕ್ಷ ಪೌಂಡ್ ದಂಡ ವಿಧಿಸಿದರು. ತಿಂಗಳ ಸಂಬಳವನ್ನೇ ನಂಬಿ ಬದುಕುವವನಿಗೆ ಒಂದು ದಿನ ಹಣ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಮಹಾನಗರಗಳ ಬಾಡಿಗೆ ಮನೆಗಳಲ್ಲಿ ಬದುಕಿದ ಯಾರಿಗೂ ವಿವರಿಸಬೇಕಾಗಿಲ್ಲ.

2012ರ ಆಗಸ್ಟ್ 1ರಂದು ಅಮೆರಿಕದಲ್ಲಿ ಇನ್ನೊಂದು ದುರಂತ ನಡೆಯಿತು. ನೈಟ್ ಕ್ಯಾಪಿಟಲ್ ಎಂಬ ಶೇರು ವಹಿವಾಟಿನ ಸಂಸ್ಥೆ ತನ್ನ 8 ಸರ್ವರುಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಬಿಟ್ಟುಹೋಯಿತು. ಇನ್ನೊಬ್ಬರು ತಾಳೆ ನೋಡಬೇಕೆಂಬ ನಿಯಮ ಇರಲಿಲ್ಲ. ಆ ಎಂಟನೆಯದರಲ್ಲಿ 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕಾರ್ಯಕ್ರಮವೊಂದು ಮಲಗಿತ್ತು. ಹೊಸ ಸೌಲಭ್ಯಕ್ಕೆಂದು ಒತ್ತಿದ ಸ್ವಿಚ್ಚು ಅದನ್ನು ಎಬ್ಬಿಸಿತು. ಪೇಟೆ ತೆರೆಯುವ ಮೊದಲೇ ಯಂತ್ರ ತಾನಾಗಿ 97 ಇ-ಮೇಲುಗಳಲ್ಲಿ ದೋಷದ ಸುಳಿವು ಕೊಟ್ಟಿತ್ತು. ಯಾರೂ ಅದನ್ನು ಎಚ್ಚರಿಕೆಯೆಂದು ಪರಿಗಣಿಸಲಿಲ್ಲ. ಪೇಟೆ ತೆರೆದು 45 ನಿಮಿಷಗಳಲ್ಲಿ ಬೇಡದ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳು ನಡೆದುಹೋದವು. ಗಾಬರಿಯಲ್ಲಿ ತಂತ್ರಜ್ಞರು ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ತಂತ್ರಾಂಶವನ್ನು ತೆಗೆದರು. ಪರಿಣಾಮವಾಗಿ ಒಂದರಲ್ಲಿದ್ದ ರೋಗ ಎಂಟಕ್ಕೂ ಹಬ್ಬಿತು. ನಷ್ಟ 46 ಕೋಟಿ ಡಾಲರಿಗೂ ಮಿಕ್ಕಿತು. ಮರುವರ್ಷ ಆ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಯಿತು.

ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇರುವ ಸ್ಥಿತಿಯೇ ಎಲ್ಲಕ್ಕಿಂತ ಅಪಾಯದ್ದು. ಎಂಟೂ ಕಡೆ ಏನಿದೆ ಎಂದು ಮೊದಲು ಎಣಿಸಿ ನೋಡದೆ ಕೈಹಾಕಿದ್ದರಿಂದ ಮದ್ದೇ ವಿಷವಾಯಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ದೋಷ ಹುಡುಕುವಾಗ ಇನ್ನೊಂದು ಬಲೆಯಿದೆ. ಅದು ಮೊದಲು ಹೊಳೆದ ಕಾರಣವನ್ನೇ ನಿಜವೆಂದು ಹಿಡಿಯುವುದು.

2025ರ ನವೆಂಬರ್ 18ರ ಸಂಜೆ, ಭಾರತದಲ್ಲಿ ಸುಮಾರು 4.50ರ ಹೊತ್ತಿಗೆ, ಜಗತ್ತಿನ ಅಸಂಖ್ಯ ಜಾಲತಾಣಗಳು ತೆರೆಯದಾದವು. ಅವುಗಳ ಮುಂದೆ ಕಾವಲುಗಾರನಂತೆ ನಿಂತಿರುವ ಕ್ಲೌಡ್‌ಫ್ಲೇರ್ ಎಂಬ ಕಂಪೆನಿಯ ವ್ಯವಸ್ಥೆ ಕುಸಿದಿತ್ತು. ಸೇವೆ ಒಮ್ಮೆ ಸರಿಯಾಗುತ್ತಿತ್ತು, ಮತ್ತೆ ಕೆಡುತ್ತಿತ್ತು. ಇದನ್ನು ನೋಡಿದ ಕಂಪೆನಿಯ ತಂತ್ರಜ್ಞರು ಯಾರೋ ದೊಡ್ಡ ಪ್ರಮಾಣದ ದಾಳಿ ನಡೆಸುತ್ತಿದ್ದಾರೆಂದು ಮೊದಲು ಶಂಕಿಸಿದರು. ಕಂಪೆನಿಯ ಸ್ಥಿತಿಗತಿ ತಿಳಿಸುವ ಪುಟ ಬೇರೆಡೆ ಇತ್ತು. ಅದೂ ಕಾಕತಾಳೀಯವಾಗಿ ಅದೇ ವೇಳೆಗೆ ಕೆಟ್ಟದ್ದು ಶಂಕೆಯನ್ನು ಹೆಚ್ಚಿಸಿತು.

ನಿಜ ಕಾರಣ ಮನೆಯೊಳಗೇ ಇತ್ತು. ತಮ್ಮದೇ ಡೇಟಾಬೇಸಿನಲ್ಲಿ ಯಾರು ಏನನ್ನು ನೋಡಬಹುದು ಎಂಬ ಅನುಮತಿಯನ್ನು ಸ್ವಲ್ಪ ಹೊತ್ತಿನ ಮೊದಲು ಬದಲಿಸಲಾಗಿತ್ತು. ಅದರಿಂದ ಒಂದು ಪಟ್ಟಿಯಲ್ಲಿ ಅದೇ ಸಾಲುಗಳು ಎರಡೆರಡು ಬಾರಿ ಬಂದು ಪಟ್ಟಿಯ ಗಾತ್ರ ಇಮ್ಮಡಿಯಾಯಿತು. ಅಷ್ಟು ದೊಡ್ಡ ಪಟ್ಟಿಯನ್ನು ಓದುವ ತಂತ್ರಾಂಶಕ್ಕೆ 200ರ ಮಿತಿಯಿತ್ತು. ಮಿತಿ ಮೀರಿದಾಗ ಅದು ಕೈಚೆಲ್ಲಿತು. ಡೇಟಾಬೇಸಿನ ಕೆಲವು ಭಾಗಗಳಲ್ಲಿ ಮಾತ್ರ ಬದಲಾವಣೆ ಆಗಿದ್ದುದರಿಂದ ಐದು ನಿಮಿಷಕ್ಕೊಮ್ಮೆ ತಯಾರಾಗುವ ಪಟ್ಟಿ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ಬರುತ್ತಿತ್ತು. ಕೊನೆಗೆ ಹೊಸ ಪಟ್ಟಿ ತಯಾರಿಕೆ ನಿಲ್ಲಿಸಿ, ಸರಿಯಿದ್ದ ಹಳೆಯ ಪಟ್ಟಿಯನ್ನು ಹಾಕಿದಾಗ ರಾತ್ರಿ ಎಂಟರ ಹೊತ್ತಿಗೆ ಹೆಚ್ಚಿನ ಸೇವೆ ಮರಳಿತು. ಪೂರ್ಣ ಸ್ವಸ್ಥವಾಗುವಾಗ ಹತ್ತೂವರೆ ದಾಟಿತ್ತು.

2024ರ ಜುಲೈ 19ರಂದೂ ಇಂಥದ್ದೇ ಗೊಂದಲವಿತ್ತು. ಕ್ರೌಡ್‌ಸ್ಟ್ರೈಕ್ ತೊಂದರೆಗೆ ಕೆಲವು ಗಂಟೆಗಳ ಮೊದಲು ಮೈಕ್ರೋಸಾಫ್ಟಿನ ಅಝೂರ್ ಎಂಬ ಕ್ಲೌಡ್ ವ್ಯವಸ್ಥೆಯ ಮಧ್ಯ ಅಮೆರಿಕ ಪ್ರದೇಶದಲ್ಲಿ ಬೇರೊಂದು ಬದಲಾವಣೆಯಿಂದ ಬೇರೊಂದು ವ್ಯತ್ಯಯ ಉಂಟಾಗಿತ್ತು. ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ. ಎರಡು ರೋಗ ಒಟ್ಟಿಗೆ ಬಂದಾಗ ಒಂದೇ ಮದ್ದು ಕೆಲಸ ಮಾಡದು.

ಸಂಘದ ಕಚೇರಿಗೂ ಮನೆಗೂ ಒಪ್ಪುವ ಕ್ರಮ

ದೊಡ್ಡವರ ಈ ಅನುಭವದಿಂದ ಸಾಮಾನ್ಯರು ಕಲಿಯಬೇಕಾದದ್ದು ಸಾಕಷ್ಟಿದೆ. ಒಂದು ಸಂಘದ ಸದಸ್ಯತ್ವದ ತಂತ್ರಾಂಶ ಸೋಮವಾರ ಬೆಳಿಗ್ಗೆ ತೆರೆಯುವುದಿಲ್ಲ ಎಂದಿಟ್ಟುಕೊಳ್ಳೋಣ. ವಾರ್ಷಿಕ ಮಹಾಸಭೆ ಹತ್ತಿರದಲ್ಲಿದೆ. ಆಗ ಈ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದಾಗಿ, ಏನನ್ನೂ ಮುಟ್ಟುವ ಮೊದಲು ದೋಷ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳಬೇಕು, ಸಮಯವನ್ನು ಬರೆದಿಡಬೇಕು. "ಏನೋ ಇಂಗ್ಲಿಷಿನಲ್ಲಿ ಬಂತು, ಮುಚ್ಚಿಬಿಟ್ಟೆ" ಎಂದರೆ ಎಂಥ ತಂತ್ರಜ್ಞನೂ ಅಸಹಾಯಕ.

ಎರಡನೆಯದಾಗಿ, ತೊಂದರೆ ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಬೇಕು. ಇನ್ನೊಬ್ಬ ಸದಸ್ಯನ ಫೋನಿನಲ್ಲಿ ತೆರೆಯುತ್ತದೆಯೇ? ಬೇರೆ ಬ್ರೌಸರಿನಲ್ಲಿ? ಬ್ರೌಸರಿನ ಖಾಸಗಿ ಕಿಟಕಿಯಲ್ಲಿ? ಖಾಸಗಿ ಕಿಟಕಿಯಲ್ಲಿ ತೆರೆದರೆ ಹಳೆಯ ಕ್ಯಾಶೆ ಅಥವಾ ಬ್ರೌಸರಿನ ಎಕ್ಸ್‌ಟೆನ್ಶನ್ ಅಡ್ಡಿಯಾಗಿರುವ ಸಂಭವವಿದೆ. ಯಾರಲ್ಲೂ ತೆರೆಯದಿದ್ದರೆ ತೊಂದರೆ ಬಹುಶಃ ಆ ಕಡೆಯದು. ಸೇವೆ ಕೊಡುವ ಕಂಪೆನಿಯ ಸ್ಥಿತಿಗತಿ ಪುಟ ನೋಡಿ ಕಾಯುವುದೇ ಲೇಸು.

ಮೂರನೆಯದಾಗಿ, ಕೊನೆಯ ಬಾರಿ ಸರಿಯಿದ್ದ ನಂತರ ಬದಲಾದದ್ದನ್ನು ಪಟ್ಟಿ ಮಾಡಬೇಕು. ವಿಂಡೋಸ್ ಅಪ್‌ಡೇಟ್, ಬ್ರೌಸರ್ ಅಪ್‌ಡೇಟ್, ಬದಲಾದ ಪಾಸ್‌ವರ್ಡ್, ಮುಗಿದುಹೋದ ವಾರ್ಷಿಕ ಚಂದಾ, ಸೇವೆಯಿಂದ ನಿವೃತ್ತರಾದ ಪದಾಧಿಕಾರಿಯ ಇ-ಮೇಲ್ ಖಾತೆ, ಇವೆಲ್ಲವೂ ಬದಲಾವಣೆಗಳೇ.

ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು, ಮುಂದಿನ ಸಲ ಮತ್ತೆ ಅದೇ ಕತ್ತಲೆ.

ಐದನೆಯದಾಗಿ, ತಂತ್ರಾಂಶವನ್ನು ತೆಗೆದು ಮರಳಿ ಹಾಕುವುದು ಕೊನೆಯ ಉಪಾಯವಾಗಬೇಕು. ಕೆಲವು ತಂತ್ರಾಂಶಗಳು ಹೋಗುವಾಗ ತಮ್ಮಲ್ಲಿದ್ದ ಮಾಹಿತಿಯನ್ನೂ ಕೊಂಡೊಯ್ಯುತ್ತವೆ. ಪ್ರತಿ ಇಟ್ಟುಕೊಂಡ ಮೇಲೆಯೇ ಕೈಹಾಕಬೇಕು. ಪ್ರತಿ ಇದೆ ಎಂದರೆ ಸಾಲದು, ಅದು ತೆರೆಯುತ್ತದೆಯೇ ಎಂದು ವರ್ಷಕ್ಕೆ ಒಂದೆರಡು ಸಲವಾದರೂ ತೆರೆದು ನೋಡಿರಬೇಕು.

ಇನ್ನೊಂದು ಮಾತು ಹಿರಿಯ ನಾಗರಿಕರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ದೊಡ್ಡ ವ್ಯತ್ಯಯವಾದಾಗಲೆಲ್ಲ ವಂಚಕರು ಎಚ್ಚೆತ್ತುಕೊಳ್ಳುತ್ತಾರೆ. ಕ್ರೌಡ್‌ಸ್ಟ್ರೈಕ್ ಘಟನೆಯ ಬೆನ್ನಿಗೇ ಪರಿಹಾರ ಕೊಡುವ ಸೋಗಿನ ನಕಲಿ ಸಂದೇಶ ಮತ್ತು ಜಾಲತಾಣಗಳು ಹುಟ್ಟಿಕೊಂಡವು. ಭಾರತದ ಸರ್ಟ್-ಇನ್ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ನೀಡಿತು. "ನಿಮ್ಮ ಬ್ಯಾಂಕ್ ಆ್ಯಪ್ ಅಪ್‌ಡೇಟ್ ಆಗಿಲ್ಲ, ನಾವು ಮಾಡಿಕೊಡುತ್ತೇವೆ" ಎಂದು ಯಾರಾದರೂ ಫೋನ್ ಮಾಡಿದರೆ ಅವರು ಹೇಳಿದ ತಂತ್ರಾಂಶವನ್ನು ಹಾಕಿಕೊಳ್ಳಬಾರದು, ಪರದೆಯನ್ನು ತೋರಿಸಬಾರದು, ಒಟಿಪಿ ಹೇಳಬಾರದು.

ಹಾಗೆಂದು ಅಪ್‌ಡೇಟನ್ನೇ ಬೇಡವೆನ್ನುವುದು ಸರಿಯಲ್ಲ. ಅವುಗಳಲ್ಲಿ ಬಹಳಷ್ಟು ಕಳ್ಳರು ನುಗ್ಗುವ ಕಿಂಡಿಯನ್ನು ಮುಚ್ಚುವಂಥವು. ಆದರೆ ದೊಡ್ಡ ಕಾರ್ಯಕ್ರಮದ ಹಿಂದಿನ ದಿನ ಮಾಡಬೇಕಿಲ್ಲ. ಒಂದು ಯಂತ್ರದಲ್ಲಿ ಮಾಡಿ, ಎರಡು ದಿನ ನೋಡಿ, ಆಮೇಲೆ ಉಳಿದವುಗಳಿಗೆ ಮಾಡಬಹುದು. ಕ್ರೌಡ್‌ಸ್ಟ್ರೈಕ್ ಕೂಡ 2024ರ ನಂತರ ಇಂತಹ ಫೈಲುಗಳನ್ನು ಎಲ್ಲರಿಗೂ ಒಮ್ಮೆಲೇ ಕಳುಹಿಸದೆ ಹಂತಹಂತವಾಗಿ ಕಳುಹಿಸುವ ಕ್ರಮಕ್ಕೆ ಬಂತು.

ಯಾರ ತಲೆಗೆ ಕಟ್ಟಬೇಕು?

ಇಂತಹ ಘಟನೆಗಳಲ್ಲಿ ಕೊನೆಯ ಗುಂಡಿ ಒತ್ತಿದ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ಗದರಿಸುವುದು ಸುಲಭ. ಆದರೆ ಮೇಲಿನ ಪ್ರಕರಣಗಳಲ್ಲಿ ಒಬ್ಬ ವ್ಯಕ್ತಿಯ ಅಜಾಗರೂಕತೆಗಿಂತ ವ್ಯವಸ್ಥೆಯ ಕೊರತೆಯೇ ದೊಡ್ಡದಾಗಿತ್ತು. ನೈಟ್ ಕ್ಯಾಪಿಟಲ್‌ನಲ್ಲಿ ಎರಡನೆಯ ಕಣ್ಣು ತಾಳೆ ನೋಡುವ ನಿಯಮವಿರಲಿಲ್ಲ. ಬ್ರಿಟನ್ನಿನ ಬ್ಯಾಂಕಿನಲ್ಲಿ ಹಿಂದಿರುಗುವ ದಾರಿಯ ಪರೀಕ್ಷೆ ಆಗಿರಲಿಲ್ಲ. ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರಿಗೆ ಇನ್ನೊಬ್ಬನ ಸಹಿ ಬೇಕೆಂಬ ನಿಯಮ ಬಂದದ್ದು ಗುಮಾಸ್ತರೆಲ್ಲ ಕಳ್ಳರೆಂದಲ್ಲ, ಮನುಷ್ಯನಾದವನು ತಪ್ಪುತ್ತಾನೆ ಎಂಬ ತಿಳಿವಳಿಕೆಯಿಂದ. ಒಳ್ಳೆಯ ತಂತ್ರಾಂಶ ಸಂಸ್ಥೆಗಳೂ ಈಗ ಘಟನೆಯ ನಂತರ ಯಾರು ಎಂದು ಕೇಳುವ ಬದಲು ಏನಾಯಿತು, ಹೇಗಾಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂದು ಬರೆದಿಡುವ ಪದ್ಧತಿಯನ್ನು ಇಟ್ಟುಕೊಂಡಿವೆ. ಬೈಗುಳದ ಭಯವಿದ್ದ ಕಡೆ ತಪ್ಪು ಮುಚ್ಚಿಹೋಗುತ್ತದೆ. ಮುಚ್ಚಿದ ತಪ್ಪು ನೈಟ್ ಕ್ಯಾಪಿಟಲ್‌ನ ಹಳೆಯ ಕಾರ್ಯಕ್ರಮದಂತೆ ಎಂದೋ ಒಂದು ದಿನ ಎದ್ದು ಕುಳಿತುಕೊಳ್ಳುತ್ತದೆ.

ಕನ್ನಡ ಸಂಘಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಖರ್ಚೂ ಇಲ್ಲ. ಸಂಘದ ಕ್ಲೌಡ್ ಖಾತೆಗಳ ವಿವರ ಒಬ್ಬರ ತಲೆಯಲ್ಲಿ ಮಾತ್ರ ಇರದೆ ಇಬ್ಬರು ಪದಾಧಿಕಾರಿಗಳ ಸುಪರ್ದಿಯಲ್ಲಿರಲಿ. ತಿಂಗಳಿಗೊಮ್ಮೆ ಸದಸ್ಯರ ಪಟ್ಟಿಯ ಮತ್ತು ಲೆಕ್ಕದ ಒಂದು ಪ್ರತಿ ಬೇರೆ ಕಡೆ ಉಳಿಯಲಿ, ಸಾಧ್ಯವಾದರೆ ಕಾಗದದ ಮೇಲೂ. ಏನನ್ನು ಯಾವಾಗ ಬದಲಿಸಲಾಯಿತು ಎಂದು ಬರೆಯಲು ಒಂದು ನೋಟ್‌ಬುಕ್ ಇರಲಿ. ಸಮಾಜದಲ್ಲಿ ತಂತ್ರಾಂಶ ಕ್ಷೇತ್ರದ ಯುವಕ ಯುವತಿಯರಿಗೆ ಕೊರತೆಯಿಲ್ಲ. ವರ್ಷಕ್ಕೊಂದು ಭಾನುವಾರ ಅವರನ್ನು ಕರೆದು, ಈ ನೋಟ್‌ಬುಕ್ಕನ್ನು ಅವರ ಮುಂದಿಟ್ಟು ತಾಳೆ ನೋಡಿಸಿದರೆ ಸಂಘಕ್ಕೂ ಹಿತ, ಅವರಿಗೂ ಸಂಘದ ನಂಟು. ಕೆಡುವುದು ಯಂತ್ರದ ಗುಣ. ಕೆಟ್ಟ ದಿನ ಯಾವ ಪುಟ ತೆರೆಯಬೇಕೆಂದು ಮೊದಲೇ ಬರೆದಿಟ್ಟವನಿಗೆ ಆ ದಿನವೂ ಮಾಮೂಲಿ ದಿನವೇ.